ಆಮೆಯ ಕಾಲಿನ ರೇಷ್ಮೆ ಎಳೆ

ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ, ಪೊರೆ ಬಿಡುವ ಆ ನಿದ್ದೆಯಿಂದ, ಎದ್ದವೆಂದರೆ ಕೈಗೆ ಬಿಡುವೆಂಬುದಿಲ್ಲ. ಎಷ್ಟು ಸೊಪ್ಪು ಹರಡಿದರೂ ಸಾಲದು. ತಟ್ಟೆ ತಟ್ಟೆಯಲ್ಲೂ ಅವು ಮೇಯುವ ಸದ್ದು, ದೂರದ ಗದ್ದೆಯ ಮೇಲೆ ಸೋನೆ ಹಿಡಿದ ಹಾಗೆ. ಒನ್‌ಸಾ ಆ ಸದ್ದಿನಲ್ಲಿ ಹುಟ್ಟಿ, ಆ ಸದ್ದಿನಲ್ಲೇ ಅರವತ್ತೊಂಬತ್ತು ವರ್ಷ ಕಳೆದವಳು. ಬೆಳಿಗ್ಗೆ ಸೊಪ್ಪು ಹಾಕುತ್ತ ಹಾಕುತ್ತ, ಕಂಬದ ಮೇಲಿನ ಮನೆಯ ಹಲಗೆ ಸಂದಿಯಿಂದ ಕೆಳಗೊಮ್ಮೆ ಇಣುಕುವುದು ಅವಳ ರೂಢಿ. ಕೆಳಗೆ ಮಗ್ಗದ ಪಕ್ಕದಲ್ಲಿ ಆ ಹೊತ್ತಿಗೆ ಮೋನ್ ಬಂದು ಕತ್ತು ನೀಡಿಕೊಂಡು ನಿಂತಿರುತ್ತಿತ್ತು.

ಅವತ್ತು ಬಂದಿರಲಿಲ್ಲ.

ಮೋನ್ ಅಂದರೆ ಆಮೆ. ಹಣ್ಣಾಗಿ ಕಪ್ಪು ಮಚ್ಚೆ ಬಿದ್ದ ಬಾಳೆಹಣ್ಣಿನ ಬಣ್ಣದ ಚಿಪ್ಪು, ಬೆಣ್ಣೆ ಬಣ್ಣದ ತಲೆ. ನೆಲದ ಮೇಲೆ ಬದುಕುವ ಜಾತಿ, ಆಳ ನೀರಿಗೆ ಬಿಟ್ಟರೆ ಕಲ್ಲಿನ ಹಾಗೆ ಮುಳುಗುತ್ತದೆ. ನೋನ್ ಹಿನ್ ಊರಿನಲ್ಲಿ ಮನೆಗೆ ನಾಲ್ಕೈದು ಇಂಥವು ಇದ್ದೇ ಇರುತ್ತವೆ. ಯಾರೂ ಹಿಡಿದು ತಂದದ್ದಲ್ಲ, ಯಾರೂ ಕಟ್ಟಿ ಹಾಕಿದ್ದಲ್ಲ. ಊರು ಕಾಯುವ ಅಜ್ಜಪ್ಪನ ಮಕ್ಕಳು ಅವು. ಬೇಕಾದ ಮನೆಗೆ ಹೋಗುತ್ತವೆ, ಬೇಕಾದ ಕಡೆ ಮಲಗುತ್ತವೆ. ದಾರಿಗೆ ಅಡ್ಡ ಬಂದರೆ ಮದುವೆ ದಿಬ್ಬಣವಾದರೂ ನಿಲ್ಲಬೇಕು. ಹಿಪ್ಪುನೇರಳೆ ಹಣ್ಣಿನ ಆಸೆಗೆ ಇಪ್ಪತ್ತೇಳು ಮಳೆಗಾಲದ ಹಿಂದೆ ಅಂಗೈಯಷ್ಟಿದ್ದಾಗ ಇವರ ಹಿತ್ತಲಿಗೆ ಬಂದ ಆಮೆ ಇದು. ಅವರ ಮಾತಿನಲ್ಲಿ ಹಿಪ್ಪುನೇರಳೆಗೆ ಮೋನ್ ಎನ್ನುತ್ತಾರೆ, ಅದಕ್ಕೇ ಆ ಗಿಡದ ಹೆಸರನ್ನೇ ಇಟ್ಟು ಕರೆದರು.

"ಒನ್‌ಸಾ! ಏ ಒನ್‌ಸಾ! ಸೊಪ್ಪು ಆಮೇಲೆ ಹಾಕು, ಇಳಿದು ಬಾ!"

ಗಂಡ ಕಂಪುನ್‌ನ ಕೂಗು. ಅವಳು ಏಣಿ ಇಳಿದು ಬಂದಾಗ ಅವನು ಬಿಸಿ ಮಡಕೆ ಹಿಡಿದ ಹಾಗೆ ಎರಡೂ ಕೈಯಲ್ಲಿ ಮೋನ್‌ನನ್ನು ಹಿಡಿದು ನಿಂತಿದ್ದ. ರಸ್ತೆಯ ಅಂಚಿನಲ್ಲಿ ಸಿಕ್ಕಿತಂತೆ. ಎಡ ಮುಂಗಾಲು ಬೇಯಿಸಿದ ಗೆಣಸಿನ ಹಾಗೆ ಊದಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು. ನೆಲಕ್ಕೆ ಬಿಟ್ಟರೆ ಮೂರೇ ಕಾಲಲ್ಲಿ ತೆವಳಿತು. ನಾಲ್ಕನೆಯದು ತನ್ನದಲ್ಲವೆಂಬಂತೆ ಹಿಂದೆ ಎಳೆದುಕೊಂಡು ಬಂತು.

"ಗಾಡಿ ಹತ್ತಿಸಿದಾನೆ" ಎಂದ ಕಂಪುನ್. "ಸೂನ್ ಅಲ್ದೆ ಇನ್ಯಾರು? ಸೂನ್! ಲೋ ಸೂನ್!"

ಪಕ್ಕದ ಮನೆಯ ಸೂನ್ ಮೋಟರ್‌ ಸೈಕಲ್ಲಿನ ಪಕ್ಕಕ್ಕೆ ಕಟ್ಟಿದ ಗಾಡಿಯಲ್ಲಿ ತರಕಾರಿ, ಮೀನು ಇಟ್ಟುಕೊಂಡು ಸುತ್ತಲ ಹಳ್ಳಿ ತಿರುಗುವವನು. ನಲವತ್ತು ದಾಟಿದ ಮನುಷ್ಯ. ಬಾಯಲ್ಲಿ ಅಂಟಕ್ಕಿ ಅನ್ನದ ತುತ್ತು ಇರುವಂತೆಯೇ ಬೇಲಿ ದಾಟಿ ಬಂದ. ಕುಕ್ಕರಗಾಲಲ್ಲಿ ಕೂತು ಕಾಲನ್ನು ನೋಡಿದ.

"ಅಯ್ಯೋ ಪಾಪ. ದೊಡ್ಡಪ್ಪ, ನಾನು ಹತ್ತಿಸಿದ್ರೆ ಕಾಲಷ್ಟೇ ಊದ್ತಿತ್ತಾ? ಗಾಡಿ, ಗಾಡಿ ಮೇಲೆ ನಾನು, ನನ್ನ ಮುಂದೆ ನನ್ನ ಹೊಟ್ಟೆ. ಚಿಪ್ಪು ಹಪ್ಪಳ ಆಗಿರೋದು."

"ಚಕ್ರದ ಅಂಚು ತಾಗಿರ್ಬೋದು. ನಿಂಗೆ ಗೊತ್ತಾಗಿರಲ್ಲ."

"ಹಲ್ಲಿ ಅಡ್ಡ ಬಂದ್ರೂ ಬ್ರೇಕ್ ಹಾಕೋನು ನಾನು. ಮೊನ್ನೆ ನನ್ನ ಬದನೆಕಾಯೆಲ್ಲ ರಸ್ತೇಲಿ ಉರುಳಿದ್ದು ಯಾಕೆ ಅಂದ್ಕೊಂಡೆ? ಇವಳ ತಂಗಿ ಆಮೆಗೆ ದಾರಿ ಬಿಡೋಕೆ ಹೋಗಿ."

"ಅಜ್ಜಪ್ಪನ ಆಣೆ ಇಡು."

"ಅಜ್ಜಪ್ಪನ ಆಣೆ, ನಾನಲ್ಲ."

ಆ ಊರಲ್ಲಿ ಆ ಆಣೆಯನ್ನು ಯಾರೂ ಸುಮ್ಮನೆ ಇಡುವುದಿಲ್ಲ. ಆದರೂ ಕಂಪುನ್‌ನ ಮುಖ ಬಿಗಿದೇ ಇತ್ತು. ಆಮೆಗೆ ಪೆಟ್ಟು ಮಾಡಿದವರು ಬುಧವಾರ ಹೂವು, ಜೋಡಿ ಮೇಣದಬತ್ತಿ ಹಿಡಿದು ಅಜ್ಜಪ್ಪನ ಗುಡಿಗೆ ಹೋಗಬೇಕು. ಊರವರ ಮುಂದೆ ಬಾಯಿಬಿಟ್ಟು ತಪ್ಪೊಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಪೆಟ್ಟು ತಿಂದ ಕಾಲು ಕೂಡುವುದಿಲ್ಲ ಅನ್ನುವುದು ಅಲ್ಲಿನ ನಂಬಿಕೆ.

ಸೂನ್ ಬಾಯಲ್ಲಿದ್ದದ್ದನ್ನು ನುಂಗಿ ಎದ್ದು ನಿಂತ. "ಆಯ್ತು ಬಿಡು. ಬುಧವಾರ ಹೂವು ಇಟ್ಟು ಬರ್ತೀನಿ. ಮಾಡಿಲ್ಲ, ಆದ್ರೂ ಇಡ್ತೀನಿ. ಇವಳ ಕಾಲು ಕೂಡಿದ್ರೆ ಸಾಕು, ನಿನ್ನ ಹೊಟ್ಟೆನೂ ತಣ್ಣಗಾಗ್ಲಿ. ಆಪರೇಷನ್ ಆದ ಹೊಟ್ಟೆ, ಕುದಿಸ್ಬಾರ್ದು" ಎಂದು ಹೇಳಿ ಹೊರಟುಹೋದ.

ಒನ್‌ಸಾ ಉಪ್ಪು ಹಾಕಿ ನೀರು ಕುದಿಸಿ ಆರಿಸಿದಳು. ಮೋನ್‌ನನ್ನು ಮೊರದ ಮೇಲೆ ಕೂರಿಸಿ, ಹಳೆಯ ಪಂಚೆಯ ತುಂಡು ಅದ್ದಿ ಕೆಸರು ಒರೆಸತೊಡಗಿದಳು. ಕಾಲಿನ ಕೀಲಿಗಿಂತ ಸ್ವಲ್ಪ ಕೆಳಗೆ ಬಟ್ಟೆ ಒಂದು ಗೀರಿಗೆ ಸಿಕ್ಕಿಕೊಂಡಿತು. ಕಾಲಿನ ಸುತ್ತಲೂ ಗೆರೆ ಎಳೆದ ಹಾಗೆ ಒಂದು ಕಚ್ಚು. ಅದರ ಎರಡೂ ಬದಿಗೆ ಚರ್ಮ ಉಬ್ಬಿ ಬಂದಿತ್ತು. ಬೆರಳಿಂದ ಮೆಲ್ಲಗೆ ಅಗಲಿಸಿದಳು. ಕೆಸರು ತೊಳೆದುಹೋದ ಕಡೆ, ಮಾಂಸದೊಳಗೆ, ಕೂದಲಿನಷ್ಟು ದಪ್ಪದ ಹಳದಿ ಮಿಂಚು.

ಅವಳ ಕೈ ನಿಂತುಹೋಯಿತು. ಆ ಹಳದಿ ಅವಳಿಗೆ ಗೊತ್ತು. ಅದು ಅವಳೇ ಗೂಡಿನಿಂದ ಬಿಚ್ಚಿದ ರೇಷ್ಮೆ.

ನಾಲ್ಕು ತಿಂಗಳ ಹಿಂದಿನ ಮಾತು. ಕಂಪುನ್‌ಗೆ ಪಿತ್ತಕೋಶದಲ್ಲಿ ಕಲ್ಲಾಗಿ, ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದಿದ್ದರು. ಹನ್ನೊಂದು ದಿನದ ಮೇಲೆ ಮನೆಗೆ ಬಂದ. ಅಷ್ಟು ದಿನವೂ ಮೋನ್ ಏಣಿಯ ಬುಡ ಬಿಟ್ಟು ಕದಲಿರಲಿಲ್ಲ. ದೊಡ್ಡ ಭಯವಾದಾಗ, ದೊಡ್ಡ ಕಾಯಿಲೆಯಾದಾಗ ಮನುಷ್ಯನ ಜೀವದ ಜೊತೆಗಿರುವ ಖ್ವಾನ್ ಬೆದರಿ ಎಲ್ಲೆಲ್ಲೋ ಓಡಿಹೋಗುತ್ತದೆ. ಅದನ್ನು ಹೆಸರು ಹಿಡಿದು ಕರೆದು, ಬಿಳಿ ನೂಲಿನಿಂದ ಮಣಿಕಟ್ಟಿಗೆ ಕಟ್ಟಿ ನಿಲ್ಲಿಸಬೇಕು. ಮನೆ ತುಂಬ ಜನ ಬಂದು ಕಂಪುನ್‌ಗೆ ಕಟ್ಟಿದರು, ಮೊಣಕೈ ತನಕ ಬೆಳ್ಳಗಾಯಿತು. ಆಗ ಅವನೇ, "ಅವಳಿಗೂ ಒಂದು ಕಟ್ಟೇ. ಹನ್ನೊಂದು ದಿನ ನನಗಿಂತ ಅವಳೇ ಹೆಚ್ಚು ಹೆದರಿರೋದು" ಎಂದಿದ್ದ. ತಟ್ಟೆಯಲ್ಲಿ ಹತ್ತಿಯ ನೂಲು ಇನ್ನೂ ಮಿಕ್ಕಿತ್ತು. ಆದರೆ ಒನ್‌ಸಾಗೆ ಅಂಥ ಜೀವಕ್ಕೆ ಅಂಗಡಿಯ ಹತ್ತಿ ಸಾಲದು ಅನ್ನಿಸಿತು. ಒಳಗೆ ಹೋಗಿ, ತನ್ನ ಬುಟ್ಟಿಯಿಂದ ಅತ್ಯುತ್ತಮವಾದದ್ದನ್ನೇ ತೆಗೆದು, ನಾಲ್ಕೆಳೆ ಹುರಿ ಮಾಡಿ ಕಟ್ಟಿದಳು. ಹುಲ್ಲುಕಡ್ಡಿ ತೂರುವಷ್ಟು ಸಡಿಲವನ್ನೂ ಬಿಟ್ಟಿದ್ದಳು.

ಹತ್ತಿಯಾಗಿದ್ದರೆ ತಿಂಗಳೊಳಗೆ ಕೊಳೆತು ತಾನಾಗಿ ಉದುರುತ್ತಿತ್ತು. ಎಲ್ಲರ ಮಣಿಕಟ್ಟಿನದೂ ಹಾಗೇ ಉದುರುತ್ತದೆ, ಅದಕ್ಕೇ ಕಟ್ಟಿದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ. ರೇಷ್ಮೆ ಉದುರುವುದಿಲ್ಲ. ಮಳೆ ಬಂತು, ಅಣಬೆ ಎದ್ದಿತು, ಮೋನ್ ತಿಂದು ದಪ್ಪವಾಯಿತು. ಕಾಲು ಒಳಗೆಳೆದು ಹೊರಗೆ ಚಾಚಿದಾಗಲೆಲ್ಲ ಎಳೆ ಸರಿಯುತ್ತ ಸರಿಯುತ್ತ ಒಳಕ್ಕಿಳಿದಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಹೇಳಿದಳು.

"ಗಾಡಿ ಅಲ್ಲ. ನಾನು ಕಟ್ಟಿದ ರೇಷ್ಮೆ."

ಕಂಪುನ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಕಾಲನ್ನೇ ನೋಡಿದ. "ಬಿಚ್ಚು ಹಾಗಾದ್ರೆ."

"ಗಂಟು ಮಾಂಸದೊಳಗೆ ಹೋಗಿದೆ. ಕತ್ತರಿಸ್ಬೇಕು."

ಅವನು ಕೈಯಲ್ಲಿದ್ದ ಅನ್ನದ ಉಂಡೆಯನ್ನು ಬುಟ್ಟಿಗೆ ವಾಪಸು ಹಾಕಿದ. "ಕತ್ತರಿಸೋ ಹಂಗಿಲ್ಲ."

"ಕಾಲು ಹೋಗುತ್ತೆ."

"ಖ್ವಾನ್ ಕಟ್ಟಿದ ನೂಲಿಗೆ ಕಬ್ಬಿಣ ತಾಗಿಸಬಾರ್ದು. ಇದು ನಾನು ಹೇಳ್ಕೊಡ್ಬೇಕಾ ನಿಂಗೆ? ಕೈಯಲ್ಲಿ ಬಿಚ್ಚಬೇಕು, ಇಲ್ಲ ತಾನಾಗಿ ಬೀಳ್ಬೇಕು." ಅವನ ದನಿ ಇಳಿಯಿತು. "ಅವತ್ತು ನಂಗೂ ಅವಳಿಗೂ ಒಂದೇ ಮಂತ್ರದಲ್ಲಿ ಕಟ್ಟಿದ್ದು ಒನ್‌ಸಾ. ಅವಳದ್ದು ಕತ್ತರಿಸಿದ್ರೆ ನಂದು ನಿಲ್ಲುತ್ತಾ?"

ಹಿಂದೆ ಇದೇ ಮನುಷ್ಯ ಮಂತ್ರ ಹೇಳುವ ಮುದುಕನ ಮೂಗು ರಾಗವನ್ನು ಅಣಕಿಸಿ ಮಕ್ಕಳನ್ನು ನಗಿಸುತ್ತಿದ್ದವನು. ಆಸ್ಪತ್ರೆಯಿಂದ ಬಂದ ಮೇಲೆ ತೆಂಗಿನ ಮರ ಹತ್ತುವುದು ಬಿಟ್ಟ. ಮಳೆಯಲ್ಲಿ ನೆನೆಯುವುದು ಬಿಟ್ಟ. ಕೆಮ್ಮು ಬಂದರೆ ಹೊಲಿಗೆಯ ಮೇಲೆ ಅಂಗೈ ಒತ್ತಿ ಹಿಡಿದು ಕೆಮ್ಮುತ್ತಾನೆ. ಐವತ್ತು ವರ್ಷ ಜೊತೆಗಿದ್ದವಳಿಗೆ ಆ ಹೆದರಿಕೆ ಹೊಸದು. ಅವಳು ನಗಲಿಲ್ಲ.

"ಸರಿ, ಬಿಚ್ಚೋಕೆ ನೋಡೋಣ" ಎಂದಳು.

ಮಧ್ಯಾಹ್ನವೆಲ್ಲ ನೋಡಿದರು. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿದರು. ಕೊಬ್ಬರಿ ಎಣ್ಣೆ ಬಿಟ್ಟರು. ಒನ್‌ಸಾ ನೀರಲ್ಲಿ ಕುದಿಸಿದ ಬಿದಿರಿನ ಸೂಜಿಯ ಮೊನೆಯಿಂದ ಎಳೆಯನ್ನು ಮೀಟಲು ನೋಡಿದಳು. ಗೂಡಿನ ಮೇಲಿನ ಎಳೆಯ ತುದಿಯನ್ನು ಕಣ್ಣು ಮುಚ್ಚಿ ಹಿಡಿಯಬಲ್ಲ ಕೈ ಅದು. ಆದರೆ ಆಮೆ ಒಮ್ಮೆ ಕಾಲನ್ನು ಒಳಗೆಳೆದುಕೊಂಡರೆ ಆನೆ ಬಂದರೂ ಹೊರಗೆಳೆಯಲಾರದು. ಕಾಯಬೇಕು. ಕಾದು, ಮತ್ತೆ ಸೂಜಿ ಹಾಕಿದಾಗ ಮೊನೆ ಜಾರಿ ಮಾಂಸಕ್ಕೆ ಚುಚ್ಚಿತು. ಮೋನ್ ಬುಸ್ಸೆಂದು ಉಸಿರು ಬಿಟ್ಟು ತಲೆಯನ್ನೂ ಒಳಗೆಳೆದುಕೊಂಡಿತು. ಒನ್‌ಸಾ ಸೂಜಿ ಕೆಳಗಿಟ್ಟಳು.

ಮಾರನೆಯ ದಿನ, ಮಂಗಳವಾರ ಬೆಳಿಗ್ಗೆ, ಕಾಲಿನಿಂದ ಸಣ್ಣಗೆ ವಾಸನೆ ಬರುತ್ತಿತ್ತು. ಎರಡು ಹಸಿರು ನೊಣ ಬಂದು ಕೂತಿದ್ದವು. ರೇಷ್ಮೆ ಹುಳುವಿನ ಮೇಲೆ ಊಜಿ ನೊಣ ಮೊಟ್ಟೆಯಿಟ್ಟರೆ ನಾಲ್ಕು ದಿನದಲ್ಲಿ ಅದರ ಮರಿಗಳು ಹುಳುವನ್ನು ಹೇಗೆ ಒಳಗಿಂದ ತಿನ್ನುತ್ತವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೊಣ ಓಡಿಸಿ, ಕಾಲಿನ ಮೇಲೆ ತೆಳ್ಳನೆಯ ಬಟ್ಟೆ ಮುಚ್ಚಿ, ಬೇಲಿಯ ಹತ್ತಿರ ಹೋಗಿ ಕೂಗಿದಳು.

"ಸೂನಾ, ಗಾಡೀಲಿ ಮೀನು ತುಂಬಿಸ್ಬೇಡ. ತಾಲ್ಲೂಕಿಗೆ ಹೋಗ್ಬೇಕು. ದನದ ಡಾಕ್ಟ್ರ ಹತ್ರ."

ಕಂಪುನ್ ಏಣಿಯ ಮೇಲೆ ನಿಂತಿದ್ದ. "ಅವನ ಗಾಡೀಲಾ? ನಿನ್ನೆ ಅಷ್ಟೆಲ್ಲ ಅಂದಿದೀನಿ ಅವನಿಗೆ."

"ಹಾಗಾದ್ರೆ ನಡ್ಕೊಂಡು ಬಾ. ಹದಿನಾಲ್ಕು ಕಿಲೋಮೀಟರು."

ಅವನು ಗೊಣಗುತ್ತ ಬಂದು ಗಾಡಿಯಲ್ಲಿ ಸೌತೆಕಾಯಿ ಬುಟ್ಟಿಯ ಪಕ್ಕ ಕೂತ. ಒನ್‌ಸಾ ಮೋನ್‌ನನ್ನು ಮೊರದಲ್ಲಿಟ್ಟು ಮಡಿಲಲ್ಲಿಟ್ಟುಕೊಂಡಳು. ಹುಳುಗಳ ಮಧ್ಯಾಹ್ನದ ಸೊಪ್ಪನ್ನು ಸೂನ್‌ನ ಹೆಂಡತಿಗೆ ವಹಿಸಿದಳು. ಊರು ದಾಟುವ ಮೊದಲೇ ಅವಳು ಸೂನ್‌ನ ಬೆನ್ನಿಗೆ ಹೇಳಿದಳು: "ನಾಳೆ ನೀನು ಗುಡಿಗೆ ಹೋಗ್ಬೇಡ. ನಾನು ಹೋಗ್ತೀನಿ. ಇದು ನಾನು ಕಟ್ಟಿದ ರೇಷ್ಮೆ ಕೊಯ್ದಿರೋದು. ನಿಂಗೆ ಸುಮ್ನೆ ಅಪವಾದ ಬಂತು."

ಸೂನ್ ಗಂಟಲೆತ್ತಿ, "ದೊಡ್ಡಪ್ಪ! ದೊಡ್ಡವ್ವ ಹೇಳಿದ್ದು ಕೇಳಿಸ್ತಾ?" ಎಂದ.

"ಈ ಗಾಡಿ ಸದ್ದಲ್ಲಿ ಏನೂ ಕೇಳ್ಸಲ್ಲ" ಎಂದ ಕಂಪುನ್.

"ಕೇಳಿಸಿದ್ರೆ ಒಂದು ಸಾರಿ ಕೆಮ್ಮು ಸಾಕು."

ಕಂಪುನ್ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೆಮ್ಮಿದ. ಸೂನ್‌ನ ಬೆನ್ನು ನಗುವಿನಿಂದ ಕುಲುಕಿತು.

ದನದ ಆಸ್ಪತ್ರೆಯ ಡಾಕ್ಟರು ವಿಲಾಯ್ ಎಂಬ ಹುಡುಗಿ, ಮೂವತ್ತು ತುಂಬಿರಲಾರದು. ಎಮ್ಮೆ, ಕೋಳಿ ನೋಡುತ್ತಿದ್ದಳಾದರೂ ಆಮೆಯ ಊರುಗಳ ಪಕ್ಕದಲ್ಲಿದ್ದು ಅವುಗಳ ಕೈಕಾಲೂ ಅವಳಿಗೆ ಬಳಕೆಯಾಗಿತ್ತು. ಮೋನ್‌ನನ್ನು ಮೇಜಿನ ಮೇಲಿಟ್ಟು, ಚಿಮಟದಿಂದ ಊದಿದ ಕಾಲಿನ ಬೆರಳನ್ನು ಸಣ್ಣಗೆ ಚಿವುಟಿದಳು. ಮೋನ್ ಕಾಲನ್ನು ಒಂದಿಷ್ಟೇ ಎಳೆದುಕೊಂಡಿತು.

"ಇನ್ನೂ ಜೀವ ಇದೆ" ಎಂದಳು. "ನೋವು ಗೊತ್ತಾಗ್ತಿದೆ ಅಂದ್ರೆ ಒಳ್ಳೇದು. ಅಜ್ಜಿ, ಇವತ್ತೇ ಕತ್ತರಿಸಿದ್ರೆ ಕಾಲು ಉಳೀಬೋದು. ಉಳಿಯುತ್ತೆ ಅಂತ ಮಾತು ಕೊಡಲ್ಲ. ಇನ್ನೆರಡು ದಿನ ಬಿಟ್ಟಿದ್ರೆ ಕಾಲನ್ನೇ ತೆಗೀಬೇಕಾಗ್ತಿತ್ತು."

ಒನ್‌ಸಾ ಗಂಡನ ಕಡೆ ತಿರುಗಿದಳು. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ನೀನು ಹುಟ್ಟಿದಾಗ ಹೊಕ್ಕುಳಬಳ್ಳಿ ಕೊಯ್ದ್ರೋ ಇಲ್ವೋ?" ಎಂದಳು ಒನ್‌ಸಾ.

"ಬಿದಿರು ಸಿಗುರಲ್ಲಿ ಕೊಯ್ದಿದ್ದು. ಕಬ್ಬಿಣ ತಾಗಿಸಿಲ್ಲ. ನಮ್ಮವ್ವ ಹೇಳ್ತಿದ್ಲು."

"ಸರಿ. ಮೊನ್ನೆ ದೊಡ್ಡಾಸ್ಪತ್ರೇಲಿ ನಿನ್ನ ಹೊಟ್ಟೆ ಬಿದಿರಲ್ಲಿ ಕೊಯ್ದ್ರಾ?"

ಅವನ ಅಂಗೈ ಹೊಲಿಗೆಯ ಮೇಲೆ ಹೋಯಿತು.

"ಇಷ್ಟುದ್ದ ಕಬ್ಬಿಣ ಹಾಕಿ ಸೀಳಿದ್ರು. ನಿನ್ನ ಖ್ವಾನ್ ಓಡೋಗಿದ್ರೂ ತಿರುಗಿ ಬಂತು. ಕರೆದ್ವಿ, ಬಂತು. ಕಬ್ಬಿಣ ನಿನ್ನನ್ನ ಬದುಕಿಸ್ತು ಕಣೋ. ಇವಳಿಗೆ ಮಾತ್ರ ಯಾಕೆ ಬೇಡ ಅಂತೀಯ?"

"ಆಗ ನಂಗೆ ಪ್ರಜ್ಞೆ ಇರ್ಲಿಲ್ಲ."

"ಹಾಗಾದ್ರೆ ಈಗ್ಲೂ ಕಣ್ಮುಚ್ಕೋ."

ಕಂಪುನ್ ಹೆಂಡತಿಯನ್ನು ನೋಡಿದ, ಆಮೆಯನ್ನು ನೋಡಿದ. ಆಮೇಲೆ ನಿಜವಾಗಿಯೂ ಕಣ್ಣು ಮುಚ್ಚಿಕೊಂಡ.

ಕಾಲು ಹೊರಗೆ ಬರಬೇಕಿತ್ತು. ಡಾಕ್ಟರು ಎಳೆಯಲು ಹೋದಳು. ಒನ್‌ಸಾ, "ಬೇಡ ಡಾಕ್ಟ್ರಮ್ಮ, ತಡೀರಿ" ಎಂದು ಸೆರಗಿನ ಗಂಟಿನಿಂದ ಎರಡು ಅಣಬೆ ತೆಗೆದು ಮೋನ್‌ನ ಮುಂದೆ ಹಿಡಿದಳು. ಮೂವರೂ ಕಾದರು. ಹೊರಗೆ ಯಾರದೋ ಎಮ್ಮೆ ಕೂಗಿತು. ಎಷ್ಟೋ ಹೊತ್ತಾದ ಮೇಲೆ ಬೆಣ್ಣೆ ಬಣ್ಣದ ತಲೆ ಹೊರಬಂತು, ಕತ್ತು ಉದ್ದವಾಯಿತು. ಆಮೆ ಕತ್ತು ಚಾಚಿದರೆ ಮುಂಗಾಲೂ ಚಾಚಲೇಬೇಕು. ಡಾಕ್ಟರು ಮರಗಟ್ಟಿಸುವ ಔಷಧ ಚುಚ್ಚಿ, ಸಣ್ಣ ಕೊಕ್ಕೆಯಿಂದ ಎಳೆಯನ್ನು ಎತ್ತಿ ಹಿಡಿದು, ಕಣ್ಣಿಗೆ ಕಾಣದಷ್ಟು ಸಣ್ಣ ಕತ್ತರಿ ಹಾಕಿದಳು. ಒಂದು ಕಡೆ. ಇನ್ನೊಂದು ಕಡೆ. ಮೂರನೆಯ ಕಡೆ. ಹಳದಿ ತುಣುಕುಗಳನ್ನು ಚಿಮಟದಿಂದ ತೆಗೆದು ಹತ್ತಿಯ ಮೇಲಿಟ್ಟಳು. ಕಚ್ಚಿನಿಂದ ಕೆಂಪಗೆ ರಕ್ತ ಜಿನುಗಿತು. "ಕೆಂಪಿದೆ, ಕಪ್ಪಿಲ್ಲ. ಒಳ್ಳೇದು" ಎಂದಳು.

"ಆಯ್ತಾ?" ಎಂದ ಕಂಪುನ್, ಕಣ್ಣು ಮುಚ್ಚಿಕೊಂಡೇ.

"ಆಯ್ತು."

"ನಾನು ಇದೀನಾ?"

"ಇದೀಯ. ಮಾತಾಡ್ತಾ ಇದೀಯಲ್ಲ."

ಡಾಕ್ಟರು ಮುಂದೆ ಮಾಡಬೇಕಾದದ್ದನ್ನೆಲ್ಲ ಹೇಳಿದಳು, ಬರೆದುಕೊಡಲೂ ಹೋದಳು. ಒನ್‌ಸಾ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಕಾಗದಕ್ಕಿಂತ ತಲೆಯನ್ನೇ ನಂಬಿದವಳು. "ಹೇಳಿ, ನೆನಪಿರುತ್ತೆ" ಎಂದಳು.

"ಮಣ್ಣಿಗೆ ಬಿಡಂಗಿಲ್ಲ. ಒಣಗಿದ, ಚೊಕ್ಕಟ ಜಾಗದಲ್ಲಿ ಬಟ್ಟೆ ಹಾಸಿ ಇಡಿ, ಬಟ್ಟೆ ದಿನಾ ಬದಲಾಯಿಸಿ. ಬೆಳಿಗ್ಗೆ ಸಂಜೆ ಉಪ್ಪುನೀರಲ್ಲಿ ತೊಳೆದು, ಈ ಕಂದು ಔಷಧಿನ ಟೀ ಬಣ್ಣ ಬರೋಷ್ಟು ನೀರು ಬೆರೆಸಿ ಹಚ್ಚಿ, ಒಣಗೋಕೆ ಬಿಡಿ. ಎಣ್ಣೆ, ಅರಿಶಿನ, ಬೂದಿ ಯಾವ್ದೂ ಬೇಡ. ನೊಣ ಕೂರ್ಬಾರ್ದು. ದಿನಕ್ಕೊಂದು ಸಲ ಅಗಲ ಪಾತ್ರೇಲಿ ಬೆಚ್ಚಗಿನ ನೀರಿಟ್ಟು ಕೂರಿಸಿ, ಗದ್ದದ ಕೆಳಗೇ ಇರ್ಬೇಕು ನೀರು. ನೀರು ಕುಡೀತಾಳೆ. ತೆಗೆದು ಚೆನ್ನಾಗಿ ಒರೆಸಿ. ಸೂಜಿ ಹಾಕಿಸೋಕೆ ಮೂರು ದಿನಕ್ಕೊಂದು ಸಲ ಕರ್ಕೊಂಡ್ ಬನ್ನಿ. ಮತ್ತೆ, ಬ್ಯಾಂಡೇಜ್ ಅಂತ ಬಿಗಿಯಾಗಿ ಏನೂ ಕಟ್ಬೇಡಿ."

"ಕಟ್ಟೋ ಮಾತು ಇನ್ನು ಎತ್ತಬೇಡಿ ಡಾಕ್ಟ್ರಮ್ಮ" ಎಂದಳು ಒನ್‌ಸಾ.

ಮಾರನೆಯ ದಿನ ಬುಧವಾರ ಅವಳು ಹೂವು, ಜೋಡಿ ಮೇಣದಬತ್ತಿ ಹಿಡಿದು ಗುಡಿಗೆ ಹೋದಳು. ಅಜ್ಜಪ್ಪನ ಸೇವೆ ಮಾಡುವ ಮುದುಕ ಅಭ್ಯಾಸದಂತೆ, "ಯಾವ ಗಾಡಿ?" ಎಂದು ಕೇಳಿದ. ಈಚೆಗೆ ಬರುವವರೆಲ್ಲ ಗಾಡಿಯವರೇ.

"ಗಾಡಿ ಅಲ್ಲ ಅಣ್ಣ. ನನ್ನ ಕೈ" ಎಂದು, ರೇಷ್ಮೆ ಕಟ್ಟಿದ್ದನ್ನೂ ಮರೆತದ್ದನ್ನೂ ಸೂನ್‌ನ ಮೇಲೆ ತಪ್ಪು ಹೊರಿಸಿದ್ದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಕೂತಿದ್ದ ಹೆಂಗಸರು ಯಾರೂ ಆಡಿಕೊಳ್ಳಲಿಲ್ಲ. ಬದಲಿಗೆ ಒಬ್ಬೊಬ್ಬರೇ ಎದ್ದು ಮನೆ ಕಡೆ ಹೊರಟರು. ಹೊಸ ವರ್ಷದಲ್ಲಿ, ಮದುವೆಯಲ್ಲಿ, ಮಗ ಕೆಲಸಕ್ಕೆ ಸೇರಿದಾಗ ಅವರೂ ತಮ್ಮ ತಮ್ಮ ಆಮೆಗಳಿಗೆ ಪ್ರೀತಿಯಿಂದ ಕಟ್ಟಿದವರೇ. ಸಂಜೆಯ ಹೊತ್ತಿಗೆ ಮೂರು ಆಮೆಯ ಕಾಲಲ್ಲಿ ನೂಲು ಸಿಕ್ಕಿತು. ಒಂದಂತೂ ಮೀನಿನ ಬಲೆಯ ನೈಲಾನ್. ಮೂರೂ ಇನ್ನೂ ಸಡಿಲವಾಗಿದ್ದವು, ಕೈಯಲ್ಲೇ ಬಿಚ್ಚಲು ಬಂತು.

ಮೋನ್‌ನದು ಅಷ್ಟು ಸುಲಭವಾಗಲಿಲ್ಲ. ಹುಳುವಿನ ತಟ್ಟೆಗೆ ಔಷಧದ ವಾಸನೆ ಹೋಗಬಾರದೆಂದು ಮನೆಯ ಇನ್ನೊಂದು ತುದಿಯಲ್ಲಿ, ಕಂಪುನ್‌ನ ಚಾಪೆಯ ಪಕ್ಕದಲ್ಲೇ ಅದಕ್ಕೆ ಜಾಗ ಮಾಡಿದರು. ಒಂಬತ್ತು ದಿನ ಅದು ಏನೂ ತಿನ್ನಲಿಲ್ಲ. ಊತ ಇಳಿಯಿತು, ಆದರೆ ಬೆರಳ ತುದಿ ಕಪ್ಪಗಾಗುತ್ತ ಬಂತು. ಎರಡು ಉಗುರು ಒಂದರ ಹಿಂದೊಂದು ಉದುರಿದವು. ಕಂಪುನ್ ಅವನ್ನು ಅಂಗೈ ಮೇಲಿಟ್ಟುಕೊಂಡು ಬಂದು ತೋರಿಸಿದಾಗ ಒನ್‌ಸಾ ತಡಮಾಡದೆ ತಾಲ್ಲೂಕಿಗೆ ಹೊರಟಳು. ಡಾಕ್ಟರು ನೋಡಿ, "ಕಪ್ಪು ಅಷ್ಟಕ್ಕೇ ನಿಂತಿದೆ. ಮೇಲೆ ಹತ್ತುತ್ತಾ ದಿನಾ ನೋಡ್ತಿರಿ" ಎಂದಳು.

ದಿನವೂ ನೋಡುವ ಕೆಲಸ ಕಂಪುನ್ ತಾನೇ ಹಿಡಿದ. ಹುಳು ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹೋಗುವ ಕಾಲ, ಒನ್‌ಸಾಗೆ ತಲೆ ಕೆರೆದುಕೊಳ್ಳಲೂ ಹೊತ್ತಿರಲಿಲ್ಲ. ಅವನು ನೀರು ಕಾಯಿಸಿ ಮೊದಲು ತನ್ನ ಮಣಿಕಟ್ಟಿನ ಒಳಬದಿಗೆ ಬಿಟ್ಟುಕೊಂಡು ಬಿಸಿ ನೋಡುತ್ತಿದ್ದ. ಮೋನ್‌ನನ್ನು ಪಾತ್ರೆಯಲ್ಲಿ ಕೂರಿಸಿ ಪಕ್ಕದಲ್ಲೇ ಕೂತು, ಊರ ಸುದ್ದಿ ಹೇಳುತ್ತಿದ್ದ. ಹತ್ತನೆಯ ದಿನ ಅದು ಒಂದು ಚೂರು ಕುಂಬಳದ ಹೂವು ತಿಂದಿತು. ಅವನು ಅದನ್ನು ಬೇಲಿ ದಾಟಿ ಸೂನ್‌ಗೂ ಹೇಳಿ ಬಂದ. ಅವನಿಗೆ ಕೆಮ್ಮು ಬಂದಾಗ ಹೊಲಿಗೆ ಹಿಡಿದುಕೊಳ್ಳುವುದು ಯಾವಾಗ ನಿಂತಿತೋ ಒನ್‌ಸಾ ಗಮನಿಸಲಿಲ್ಲ. ಒಂದು ದಿನ ನೋಡಿದಾಗ ನಿಂತಿತ್ತು.

ಗಾಯ ಮಾಗಿತು, ಹೊಸ ಚರ್ಮ ನಸುಗೆಂಪಾಗಿ ಬಂತು. ಆದರೆ ಮೋನ್ ಆ ಕಾಲನ್ನು ಊರಲಿಲ್ಲ. ಮೂರು ಕಾಲಲ್ಲಿ ಹುಟ್ಟು ಹಾಕಿದ ಹಾಗೆ ಹಲಗೆಯ ಮೇಲೆ ತೆವಳುತ್ತಿತ್ತು. ಎದೆಯ ಚಿಪ್ಪು ಉಜ್ಜಿ ಉಜ್ಜಿ ಗೀರು ಬಿತ್ತು. "ಮಳೆಗಾಲ ಮುಗಿಯೋವರೆಗೆ ನೋಡೋಣ" ಎಂದಳು ಡಾಕ್ಟರು. "ಅಷ್ಟರಲ್ಲಿ ಭಾರ ಹಾಕ್ಲಿಲ್ಲ ಅಂದ್ರೆ ಕಾಲು ಇದ್ದೂ ಇಲ್ಲದ ಹಾಗೇ ಲೆಕ್ಕ. ಚಿಪ್ಪಿನ ಕೆಳಗೆ ಏನಾದ್ರೂ ಮೆತ್ತೆ ಅಂಟಿಸ್ಬೇಕಾಗುತ್ತೆ. ಹೊರಗೆ ಬಿಟ್ರೆ ನಾಯಿ ಬಾಯಿಗೆ ಸಿಗ್ತಾಳೆ, ಓಡೋಕಾಗಲ್ಲ."

ಓಡುವ ಮಾತು ಕೇಳಿ ಸೂನ್‌ಗೆ ನಗು ಬಂತು. ಆಮೇಲೆ ದಾರಿಯುದ್ದಕ್ಕೂ ಹಳ್ಳ ತಪ್ಪಿಸಿ ಮೆಲ್ಲಗೆ ಗಾಡಿ ಓಡಿಸಿದ.

ಗೂಡು ಬಿಚ್ಚಿ ಆಯಿತು, ನೂಲು ತೆಗೆದು ಆಯಿತು, ಮುಂದಿನ ಬೆಳೆಯ ಹುಳು ಬಂದು ಮೂರನೇ ಜ್ವರವೂ ಕಳೆಯಿತು. ಮಳೆಗಾಲ ಮುಗಿಯಲು ಇನ್ನು ಹನ್ನೆರಡು ದಿನ. ಒಂದು ಬೆಳಿಗ್ಗೆ ಒನ್‌ಸಾ ಹಿಕ್ಕೆ ತೆಗೆದು ಚೊಕ್ಕಟ ಮಾಡಲೆಂದು ಒಂದು ತಟ್ಟೆಯನ್ನು ನೆಲಕ್ಕಿಳಿಸಿ, ಮೇಲೆ ಹೊಸ ಸೊಪ್ಪು ಹಾಕಿಟ್ಟಿದ್ದಳು. ಇನ್ನೊಂದು ತಟ್ಟೆ ಇಳಿಸಲು ಎದ್ದಾಗ ಮೋನ್ ತೆವಳಿಕೊಂಡು ಅಲ್ಲಿಗೆ ಬಂದಿತ್ತು. ಸೊಪ್ಪಿನ ವಾಸನೆ ಹಿಡಿದು ಕತ್ತೆತ್ತಿತು. ತಟ್ಟೆಯ ಅಂಚು ಅದರ ಬಾಯಿಗಿಂತ ಎರಡು ಬೆರಳು ಎತ್ತರ.

ಬಲಗಾಲನ್ನು ಎತ್ತಿ ಅಂಚಿನ ಮೇಲಿಟ್ಟಿತು. ಬಾಯಿಗೆ ಎಲೆ ಎಟುಕಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಎಡಗಾಲು ಗಾಳಿಯಲ್ಲಿ ಎದ್ದಿತು, ಕುರುಡರು ಗೋಡೆ ತಡವಿದ ಹಾಗೆ ಬಿದಿರಿನ ಅಂಚನ್ನು ತಡವಿತು, ಜಾರಿತು, ಮತ್ತೆ ತಡವಿತು. ಊರಿತು.

ಒನ್‌ಸಾ ಇಳಿಸುತ್ತಿದ್ದ ತಟ್ಟೆಯನ್ನು ಹಾಗೇ ಕೈಯಲ್ಲಿ ಹಿಡಿದು ನಿಂತಳು.

ಚಿಪ್ಪು ನೆಲದಿಂದ ಮೇಲೆದ್ದಿತು. ಎರಡು ಉಗುರಿಲ್ಲದ ಆ ಪಾದ ಅಂಚಿನ ಮೇಲೆ ಅಗಲವಾಗಿ ಒತ್ತಿಕೊಂಡಿತು, ಮೂರು ಕಿಲೋ ಭಾರಕ್ಕೆ ಸಣ್ಣಗೆ ನಡುಗಿತು, ಆದರೆ ಮಡಿಯಲಿಲ್ಲ. ಮೋನ್ ಬಾಯಿ ಚಾಚಿ ಒಂದು ಎಲೆ ಕಿತ್ತಿತು.

"ಏ, ಹುಳದ ಸೊಪ್ಪು ತಿಂತಿದಾಳೆ ಕಣೇ!" ಎಂದ ಕಂಪುನ್, ಚಾಪೆಯಿಂದ ಏಳುತ್ತ.

"ಸುಮ್ನಿರು."

"ಹುಳಾನೂ ತಿಂತಾಳೆ ಆಮೇಲೆ."

"ತಿನ್ಲಿ. ಎಡಗಾಲು ನೋಡು."

ಅವನು ಕನ್ನಡಕಕ್ಕೆ ತಡಕಾಡಿದ, ಸಿಗಲಿಲ್ಲ. ಮೊಣಕಾಲೂರಿ ಹತ್ತಿರ ಬಂದು, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿದ. "ಊರಿದಾಳಾ?"

"ಊರಿದಾಳೆ."

"ಭಾರ ಹಾಕಿದಾಳಾ, ಸುಮ್ನೆ ಇಟ್ಟಿದಾಳಾ?"

ಅದಕ್ಕೆ ಒನ್‌ಸಾ ಉತ್ತರ ಹೇಳಬೇಕಾಗಲಿಲ್ಲ. ಮೋನ್ ಇನ್ನೊಂದು ಎಲೆಗೆ ಕತ್ತು ಚಾಚಿ ಎರಡೂ ಕಾಲಿಂದ ಅಂಚನ್ನು ಅದುಮಿತು. ತಟ್ಟೆ ಒಂದು ಕಡೆಗೆ ವಾಲಿ ಮಗುಚಿಕೊಂಡಿತು. ಸೊಪ್ಪು, ಹಿಕ್ಕೆ, ನಾನೂರು ಐನೂರು ಹುಳು, ಎಲ್ಲವೂ ಅದರ ಚಿಪ್ಪಿನ ಮೇಲೂ ಹಲಗೆಯ ಮೇಲೂ ಚೆಲ್ಲಿದವು.

ಇಬ್ಬರೂ ಬಿದಿರಿನ ಚಾಪೆಯ ಮೇಲೆ ಎದುರುಬದುರು ಕೂತು, ನೊಂದಾವೆಂದು ಎಲೆಯ ತುದಿಯಿಂದ ಒಂದೊಂದೇ ಹುಳುವನ್ನು ಎತ್ತಿ ತಟ್ಟೆಗೆ ಹಾಕತೊಡಗಿದರು. ಅದು ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಅಷ್ಟು ಹೊತ್ತೂ ಮೋನ್ ಅವರ ನಡುವೆ ನಾಲ್ಕು ಕಾಲಲ್ಲಿ ಕುಂಟಿಕೊಂಡು ಅಡ್ಡಾಡುತ್ತ ಚೆಲ್ಲಿದ ಸೊಪ್ಪು ತಿನ್ನುತ್ತಿತ್ತು. ಅದನ್ನು ಎತ್ತಿ ಆಚೆಗಿಡಬೇಕೆಂದು ಇಬ್ಬರಿಗೂ ತೋಚಲಿಲ್ಲ.